ಕುವೈತಿನಿಂದ ದೇವಬಾಗಕ್ಕೆ ಎಷ್ಟು ಹೊತ್ತು?

ಸಾವು ಸಂಭವಿಸಿದ ಮನೆಯಿಂದ ಧರ್ಮಗುರುವಿಗೆ ಕರೆ ಬಂದಾಗ ಮೊದಲು ಕೇಳಿಬರುವ ಪ್ರಶ್ನೆ ಒಂದೇ: ‘ಫಾದರ್, ಪೂಜೆ ಎಷ್ಟು ಗಂಟೆಗೆ ಇಡೋಣ?’ ಹಿಂದಿನ ತಲೆಮಾರಿನ ಗುರುಗಳಿಗೆ ಇದಕ್ಕೆ ಉತ್ತರ ಕೊಡುವುದು ಕಷ್ಟವಾಗಿರಲಿಲ್ಲ. ಬೆಳಗಿನ ಜಾವ ತೀರಿಕೊಂಡರೆ ಅಂದೇ ಸಂಜೆ ನಾಲ್ಕಕ್ಕೆ. ರಾತ್ರಿ ತೀರಿಕೊಂಡರೆ ಮರುದಿನ ಹತ್ತಕ್ಕೆ. ಇಂದು ಉತ್ತರಿಸುವ ಮುನ್ನ ನಾವೇ ಒಂದು ಮರುಪ್ರಶ್ನೆ ಕೇಳಬೇಕಾಗಿದೆ: ‘ಮಕ್ಕಳು ಎಲ್ಲೆಲ್ಲಿದ್ದಾರೆ?’ ಒಬ್ಬ ದುಬೈಯಲ್ಲಿ, ಒಬ್ಬಳು ಲಂಡನ್ನಿನಲ್ಲಿ, ಇನ್ನೊಬ್ಬ ಯಾವುದೋ ಹಡಗಿನಲ್ಲಿ. ಹೀಗಿರುವಾಗ ಅಂತ್ಯಕ್ರಿಯೆಯ ಗಳಿಗೆಯನ್ನು ನಿಶ್ಚಯಿಸುವವನು ವಿಮಾನಗಳ ವೇಗ, ದೂರ, ದೇಶದೇಶಗಳ ಗಡಿಯಾರಗಳ ಅಂತರ ಇವನ್ನೆಲ್ಲ ತಿಳಿದಿರಬೇಕಾಗುತ್ತದೆ. ಸೆಮಿನರಿಯಲ್ಲಿ ನಮಗೆ ಇದನ್ನು ಯಾರೂ ಕಲಿಸಲಿಲ್ಲ. ನಾನು ಕಲಿತದ್ದು ತಪ್ಪು ಮಾಡಿ. ಆ ತಪ್ಪಿನ ವಿಷಯವನ್ನು ಮುಂದೆ ಹೇಳುತ್ತೇನೆ.

2025ರ ಆಗಸ್ಟ್ ತಿಂಗಳ ಒಂದು ಮಂಗಳವಾರ, ನಸುಕಿನ ನಾಲ್ಕೂವರೆಗೆ ದೇವಬಾಗದಲ್ಲಿ ಒಬ್ಬ ತಾಯಿ ಕಣ್ಣು ಮುಚ್ಚಿದರು. ಹಿರಿಯ ಮಗ ಕುವೈತಿನಲ್ಲಿ, ಮಗಳು ಅಂಕೋಲೆಯಲ್ಲಿ. ಕಾಳಿ ನದಿ ಕಡಲನ್ನು ಸೇರುವಲ್ಲಿ ಉತ್ತರದ ದಂಡೆಗೆ ಅಂಟಿಕೊಂಡಿರುವ ಈ ಊರಿನಲ್ಲಿ ಮಳೆಗಾಲದ ರಾತ್ರಿ ಗಾಳಿಮರಗಳ ಸದ್ದು ಯಾವುದು, ಅಲೆಗಳ ಸದ್ದು ಯಾವುದು ಎಂದು ಹೇಳುವುದು ಕಷ್ಟ. ನಾನು ತಲಪುವಾಗ ಐದೂವರೆ. ಪ್ರಾರ್ಥನೆ ಮುಗಿಯುತ್ತಿದ್ದಂತೆ ಪ್ರೌಢಶಾಲೆಗೆ ಹೋಗುವ ಮೊಮ್ಮಗ ಮೊಬೈಲಿನ ಪರದೆಯನ್ನು ನನ್ನ ಮುಂದೆ ಹಿಡಿದ. ದಾಬೋಲಿಂನಿಂದ ಕುವೈತಿಗೆ ಸುಮಾರು 3,060 ಕಿ.ಮೀ.; ಹಾರಾಟದ ಅವಧಿ ನಾಲ್ಕು ಗಂಟೆ. ಆಯುಷ್ಯವನ್ನೆಲ್ಲ ದೋಣಿಯಲ್ಲಿ ಕಳೆದ ಮನೆಯ ಹಿರಿಯರೊಬ್ಬರು ಬೆರಳು ಮಡಿಸಿ ಲೆಕ್ಕ ಹಾಕಿದರು. ‘ನಾಲ್ಕು ಗಂಟೆಯಾದರೆ ಮಧ್ಯಾಹ್ನದ ಒಳಗೆ ಬಂದ ಎಂದಾಯಿತು. ಸಂಜೆ ನಾಲ್ಕಕ್ಕೆ ಇಡಿ, ಫಾದರ್.’ ಸುತ್ತ ನಿಂತವರು ತಲೆಯಾಡಿಸಿದರು. ಸಮಾಧಿ ತೋಡುವವನೂ ಬಾಗಿಲ ಬಳಿ ಬಂದು ನಿಂತಿದ್ದ. ಅವನಿಗೂ ಸಮಯ ಬೇಕಿತ್ತು. ನಾನು ಒಂದು ಕಾಗದ ಮತ್ತು ಪೆನ್ಸಿಲ್ ಕೇಳಿದೆ.

ಆ ಕಾಗದದ ಮೇಲೆ ಬರೆದುದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ. ಪರದೇಶದಲ್ಲಿ ಮಕ್ಕಳಿರುವ ಪ್ರತಿಯೊಂದು ಮನೆಯಲ್ಲಿಯೂ ಈ ಲೆಕ್ಕ ಒಬ್ಬರಿಗಾದರೂ ಗೊತ್ತಿರುವುದು ಒಳ್ಳೆಯದು.

ಮೊಬೈಲು ತೋರಿಸಿದ 3,060 ಕಿ.ಮೀ. ಸುಳ್ಳಲ್ಲ. ಆದರೆ ಅದು ಯಾವ ದೂರ? ಭೂಮಿಯ ಮಾದರಿಯ ಗೋಲವೊಂದರ ಮೇಲೆ ಒಂದು ತುದಿಯನ್ನು ಗೋವೆಯಲ್ಲಿ, ಇನ್ನೊಂದು ತುದಿಯನ್ನು ಕುವೈತಿನಲ್ಲಿ ಇಟ್ಟು ದಾರವನ್ನು ಬಿಗಿಯಾಗಿ ಎಳೆದರೆ ಅದು ಹಿಡಿಯುವ ದಾರಿಯೇ ಆ ದೂರ. ದುಂಡಗಿನ ಭೂಮಿಯ ಮೇಲೆ ಎರಡು ಸ್ಥಳಗಳ ನಡುವೆ ಅದಕ್ಕಿಂತ ಹತ್ತಿರದ ಹಾದಿ ಇಲ್ಲ. ಹಾಗೆ ಅಳೆದರೆ ದಾಬೋಲಿಂನಿಂದ ದುಬೈ ಸುಮಾರು 2,200 ಕಿ.ಮೀ., ಲಂಡನ್ನಿನ ಗ್ಯಾಟ್‌ವಿಕ್ ಸುಮಾರು 7,570 ಕಿ.ಮೀ. ಗೋಡೆಗೆ ತೂಗುಹಾಕಿದ ಚಪ್ಪಟೆ ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ಗೆರೆ ಎಳೆದರೆ ಈ ಹಾದಿ ಸಿಗುವುದಿಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ತಡೆಯಿಲ್ಲದೆ ಹಾರಿ ಬಂದುದನ್ನು ಓದುಗರು ಮರೆತಿರಲಾರರು. ಸುಮಾರು 14,000 ಕಿ.ಮೀ. ದೂರವನ್ನು ಅವರು ಸುಮಾರು 17 ಗಂಟೆಗಳಲ್ಲಿ ಕ್ರಮಿಸಿದರು. ಅವರು ಬಂದ ದಾರಿ ಉತ್ತರ ಧ್ರುವದ ಮೇಲಿನಿಂದ. ನಕ್ಷೆಯನ್ನು ನೋಡಿದವರಿಗೆ ಅದು ಸುತ್ತುದಾರಿ ಎನಿಸಿತು. ಗೋಲದ ಮೇಲೆ ದಾರ ಹಿಡಿದವರಿಗೆ ಅದೇ ನೇರ ದಾರಿ.

ನಮ್ಮ ದೋಣಿಯ ಹಿರಿಯರಿಗೆ ಕಿಲೋಮೀಟರು ರುಚಿಸಲಿಲ್ಲ. ಕಡಲಿನವರೂ ವಿಮಾನದವರೂ ಅಳೆಯುವುದು ನಾಟಿಕಲ್ ಮೈಲಿನಲ್ಲಿ. ಒಂದು ನಾಟಿಕಲ್ ಮೈಲೆಂದರೆ 1.852 ಕಿ.ಮೀ. ಆ ಲೆಕ್ಕದಲ್ಲಿ ಕುವೈತು 1,650 ಮೈಲು. ಗಂಟೆಗೆ ಎಂಟು ಮೈಲು ಓಡುವ ದೋಣಿ ಅಷ್ಟು ನೇರವಾಗಿ ಹೋಗುವಂತಿದ್ದರೂ ಎಂಟೂವರೆ ದಿನ ಬೇಕು ಎಂದೆ. ‘ಅಷ್ಟು ದೂರವೆ?’ ಎಂದು ಅವರು ಕುರ್ಚಿಯಲ್ಲಿ ಕುಳಿತುಕೊಂಡರು. ನಾಲ್ಕು ಗಂಟೆ ಎಂದು ಕೇಳಿದಾಗ ಕುವೈತು ಅವರ ಮನಸ್ಸಿನಲ್ಲಿ ಕುಮಟೆಯ ಆಚೆಗೆಲ್ಲೋ ಇದ್ದಿರಬೇಕು.

ಇನ್ನು ವೇಗದ ಮಾತು. ಎತ್ತರಕ್ಕೇರಿದ ಜೆಟ್ ವಿಮಾನ ಗಂಟೆಗೆ 800ರಿಂದ 900 ಕಿ.ಮೀ. ಓಡುತ್ತದೆ. ಆದರೆ ಏರುವಾಗಲೂ ಇಳಿಯುವಾಗಲೂ ಆ ವೇಗವಿರುವುದಿಲ್ಲ. ರನ್‌ವೇಯ ತನಕ ತೆವಳುವುದಕ್ಕೂ ಸರದಿ ಕಾಯುವುದಕ್ಕೂ ಹೊತ್ತು ಹಿಡಿಯುತ್ತದೆ. ಆದುದರಿಂದ ದೂರವನ್ನು 800ರಿಂದ ಭಾಗಿಸಿ ಅರ್ಧ ಗಂಟೆ ಕೂಡಿಸಿದರೆ ಹೆಚ್ಚುಕಡಿಮೆ ಸರಿಯಾದ ಉತ್ತರ ಬರುತ್ತದೆ. ಗಾಳಿಯದು ಬೇರೆ ಲೆಕ್ಕ. ನಮ್ಮ ಉಪಖಂಡದ ಉತ್ತರಭಾಗದ ಮೇಲೆ ಚಳಿಗಾಲದಲ್ಲಿ ಬಹಳ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಹರಿಯುತ್ತಿರುತ್ತದೆ. ಪಶ್ಚಿಮಕ್ಕೆ ಹೋಗುವ ವಿಮಾನ ಅದಕ್ಕೆ ಎದೆಯೊಡ್ಡಬೇಕು, ಪೂರ್ವಕ್ಕೆ ಬರುವ ವಿಮಾನಕ್ಕೆ ಅದೇ ಬೆನ್ನುಬಲ. ಒಂದೇ ದೂರಕ್ಕೆ ಹೋಗುವಾಗ ಒಂದು ಅವಧಿ, ಬರುವಾಗ ಇನ್ನೊಂದು ಅವಧಿ ಟಿಕೆಟಿನಲ್ಲಿ ಕಾಣಿಸುವುದಕ್ಕೆ ಇದೊಂದು ಕಾರಣ. (ವಿಮಾನ ಪ್ರಯಾಣಿಕರ ಪಾಲಕಿಯಾಗಿ 1920ರಲ್ಲಿ ಹದಿನೈದನೆಯ ಬೆನೆಡಿಕ್ಟ್ ಜಗದ್ಗುರುಗಳು ಲೊರೆತ್ತೊ ಮಾತೆಯನ್ನು ಘೋಷಿಸಿದರು. ನಜರೇತಿನ ಮನೆಯನ್ನು ದೇವದೂತರು ಆಕಾಶಮಾರ್ಗವಾಗಿ ಇಟಲಿಗೆ ಹೊತ್ತು ತಂದರೆಂಬ ಐತಿಹ್ಯವೇ ಇದಕ್ಕೆ ಕಾರಣ. ಆ ಹಾರಾಟದ ಅವಧಿಯನ್ನು ಮಾತ್ರ ಐತಿಹ್ಯಕಾರರು ಬರೆದಿಟ್ಟಿಲ್ಲ.)

ದಾರದ ಹಾದಿಯಲ್ಲೇ ವಿಮಾನ ಹೋಗಬಹುದೇ ಎಂಬುದು ಕೂಡ ಪ್ರತಿ ಸಲವೂ ಖಚಿತವಲ್ಲ. ಆಕಾಶಕ್ಕೂ ಗಡಿಗಳಿವೆ, ಬಾಗಿಲುಗಳಿವೆ. 2025ರ ಏಪ್ರಿಲ್ 24ರಂದು ಪಾಕಿಸ್ತಾನವು ಭಾರತದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದಾಗ ಯುರೋಪಿನ ಕಡೆಗೆ ಹಾರುವ ನಮ್ಮ ವಿಮಾನಗಳು ಸುತ್ತುಬಳಸಿ ಹೋಗಬೇಕಾಯಿತು. ಅದೇ ವರ್ಷ ಜೂನ್ 23ರ ಸಂಜೆ ಕತಾರ್ ತನ್ನ ಆಕಾಶವನ್ನು ಮುಚ್ಚಿದಾಗ ದೋಹಾದ ಮೂಲಕ ಪ್ರಯಾಣ ಮಾಡುತ್ತಿದ್ದವರು ಎಲ್ಲೆಲ್ಲೋ ಇಳಿದರು. ಆದರೆ ಕುವೈತಿನ ಮಾತು ಬಂದಾಗ ನನ್ನ ವಯಸ್ಸಿನವರಿಗೆ ನೆನಪಾಗುವುದು 1990. ಆ ವರ್ಷದ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತನ್ನು ಹೊಕ್ಕಾಗ ನಾನು ಸೆಮಿನರಿಯಲ್ಲಿ ತತ್ತ್ವಶಾಸ್ತ್ರದ ವಿದ್ಯಾರ್ಥಿ. ಕುವೈತಿನಿಂದ ಮುಂಬಯಿಗೆ ನೇರ ಹಾರಾಟ 2,760 ಕಿ.ಮೀ. ಮಾತ್ರ. ಆ ದಾರಿ ಮುಚ್ಚಿತ್ತು. ನಮ್ಮ ಜನ ಮನೆಯ ದಿಕ್ಕಿಗೆ ಬೆನ್ನು ಮಾಡಿ, ಬಸ್ಸುಗಳಲ್ಲಿ ಬಾಗ್ದಾದಿನ ಮೂಲಕ ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನ್ ತಲಪಿ, ಅಲ್ಲಿಂದ ಸುಮಾರು 3,900 ಕಿ.ಮೀ. ಹಾರಿ ಮುಂಬಯಿಯಲ್ಲಿ ಇಳಿಯಬೇಕಾಯಿತು. ಏರ್ ಇಂಡಿಯಾ 59 ದಿನಗಳಲ್ಲಿ 488 ಹಾರಾಟ ನಡೆಸಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಕರೆತಂದಿತು. ಕರಾವಳಿಯ ಮನೆಗಳಲ್ಲಿ ಆ ಎರಡು ತಿಂಗಳು ಕುವೈತಿನ ದೂರವನ್ನು ಯಾರೂ ಕಿಲೋಮೀಟರಿನಲ್ಲಿ ಕೇಳಲಿಲ್ಲ. ‘ಅಮ್ಮಾನ್ ಮುಟ್ಟಿದನೇ?’ ಎಂದಷ್ಟೇ ಕೇಳುತ್ತಿದ್ದರು.

ಎಲ್ಲಕ್ಕಿಂತ ಹೆಚ್ಚು ಗೊಂದಲಕ್ಕೆ ಕಾರಣವಾಗುವುದು ಗಡಿಯಾರ. ಕುವೈತಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ; ದುಬೈಯದು ಒಂದೂವರೆ ಗಂಟೆ. ಹಿಂದೊಮ್ಮೆ ಬೇರೊಂದು ಧರ್ಮಕೇಂದ್ರದಲ್ಲಿ ಒಬ್ಬ ವೃದ್ಧೆ ಮಗನ ಟಿಕೆಟನ್ನು ನನ್ನ ಕೈಗಿತ್ತು ಕೊಂಕಣಿಯಲ್ಲಿ ಕೇಳಿದ ಪ್ರಶ್ನೆ ಇಂದಿಗೂ ನೆನಪಿದೆ. ಹೋಗುವ ಟಿಕೆಟಿನಲ್ಲಿ ಹೊರಡುವುದು ನಾಲ್ಕಕ್ಕೆ, ಮುಟ್ಟುವುದು ಆರಕ್ಕೆ. ಬರುವ ಟಿಕೆಟಿನಲ್ಲಿ ಹೊರಡುವುದು ರಾತ್ರಿ ಹತ್ತಕ್ಕೆ, ಮುಟ್ಟುವುದು ಬೆಳಗಿನ ನಾಲ್ಕೂವರೆಗೆ. ‘ಹೋಗಲು ಎರಡು ಗಂಟೆ, ಬರಲು ಆರೂವರೆ ಗಂಟೆ. ಹೀಗೇಕೆ ಫಾದರ್? ಬರುವ ದಾರಿ ಅಷ್ಟು ಉದ್ದವೇ?’ ನಾನು ನಗುತ್ತ ವಿವರಿಸಿದೆ. ಹೋಗುವಾಗಿನ ಎರಡು ಗಂಟೆಗೆ ಎರಡೂವರೆ ಕೂಡಿಸಬೇಕು, ಬರುವಾಗಿನ ಆರೂವರೆಯಿಂದ ಎರಡೂವರೆ ಕಳೆಯಬೇಕು. ಆಗ ಒಂದು ಕಡೆ ನಾಲ್ಕೂವರೆ, ಇನ್ನೊಂದು ಕಡೆ ನಾಲ್ಕು ಗಂಟೆ ಉಳಿಯುತ್ತದೆ, ಉಳಿದ ಅರ್ಧ ಗಂಟೆ ಗಾಳಿಯದ್ದು, ಎಂದು. ಆಕೆ ಸೌಜನ್ಯದಿಂದ ಕೇಳಿಸಿಕೊಂಡರು, ನಂಬಲಿಲ್ಲ. ಐದು ವರ್ಷಗಳಲ್ಲಿ ಮಗ ಬಂದದ್ದು ಎರಡೇ ಸಲ. ಅವರ ಅನುಭವಕ್ಕೆ ಟಿಕೆಟಿನ ಲೆಕ್ಕವೇ ಹೊಂದುತ್ತಿತ್ತು.

ಈ ಎರಡೂವರೆ ಗಂಟೆ ಎಲ್ಲಿಂದ ಬಂತೆಂಬುದನ್ನು ಮಕ್ಕಳು ಕೇಳಬಹುದು. ಭೂಮಿ ಗಂಟೆಗೆ 15 ಡಿಗ್ರಿಯಂತೆ ತಿರುಗುತ್ತದೆ, ಅಂದರೆ ಒಂದು ಡಿಗ್ರಿಗೆ ನಾಲ್ಕು ನಿಮಿಷ. ನಾವಿರುವುದು ಸುಮಾರು 74 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಕುವೈತು 48ರಲ್ಲಿ. ನಡುವಿನ 26 ಡಿಗ್ರಿಗೆ ಸೂರ್ಯನ ಲೆಕ್ಕದಲ್ಲಿ ಒಂದು ಗಂಟೆ 44 ನಿಮಿಷ. ಆದರೆ ಭಾರತದ ಗಡಿಯಾರವನ್ನು ನಮ್ಮ ಊರಿನ ಸೂರ್ಯನಿಗೆ ಹೊಂದಿಸಿಲ್ಲ. ದೂರದ ಪೂರ್ವದ ಎಂಬತ್ತೆರಡೂವರೆ ಡಿಗ್ರಿಗೆ ಹೊಂದಿಸಿದೆ. ಅದರಿಂದ ನಮಗೆ 34 ನಿಮಿಷ ಹೆಚ್ಚು. ಕುವೈತಿನವರು ತಮ್ಮ ಗಡಿಯಾರವನ್ನು 45 ಡಿಗ್ರಿಗೆ ಹೊಂದಿಸಿಕೊಂಡಿದ್ದಾರೆ. ಅದರಿಂದ ಇನ್ನೂ 12 ನಿಮಿಷ. ಮೂರನ್ನೂ ಕೂಡಿಸಿದರೆ ಸರಿಯಾಗಿ ಎರಡೂವರೆ ಗಂಟೆ. ಅಂದರೆ ದೇವಬಾಗದ ನಿಜವಾದ ನಡುಹಗಲು ಗಡಿಯಾರದಲ್ಲಿ ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಸುಮಾರಿಗೆ. ಹಳೆಯ ಮೀನುಗಾರರು ನೆರಳು ನೋಡಿ ಹೇಳುವ ಹೊತ್ತಿಗೂ ನಮ್ಮ ಗಡಿಯಾರಕ್ಕೂ ಅರ್ಧ ಗಂಟೆಯ ವ್ಯತ್ಯಾಸ ಬರುವುದು ಅವರ ತಪ್ಪಿನಿಂದಲ್ಲ.

ಈಗ ನನ್ನ ತಪ್ಪು. ದೀಕ್ಷೆಯಾಗಿ ಕೆಲವೇ ವರ್ಷಗಳಾಗಿದ್ದವು. ಮನೆಮನೆಗೆ ಮೊಬೈಲು ಬಂದಿರದ ಕಾಲ. ಒಂದು ಮನೆಯ ತಂದೆ ಬುಧವಾರ ತೀರಿಕೊಂಡರು. ಕೊಲ್ಲಿಯಲ್ಲಿದ್ದ ಮಗ ಅಂಗಡಿಯೊಂದರ ದೂರವಾಣಿಗೆ ಕರೆಮಾಡಿ, ‘ಗುರುವಾರ ರಾತ್ರಿ ಹನ್ನೆರಡೂವರೆಯ ವಿಮಾನ, ಮುಂಬಯಿ ಮೂಲಕ ಬರುತ್ತೇನೆ’ ಎಂದ. ಮಾತು ಅಂಗಡಿಯವರಿಂದ ಮನೆಗೆ, ಮನೆಯಿಂದ ನನಗೆ ಬಂತು. ವಿಮಾನದ ಗಡಿಯಾರದಲ್ಲಿ ರಾತ್ರಿ ಹನ್ನೆರಡು ದಾಟಿದರೆ ಹೊಸ ದಿನ. ಹಾಗಾದರೆ ಗುರುವಾರದ ಹನ್ನೆರಡೂವರೆ ಎಂದರೆ ಬುಧವಾರ ರಾತ್ರಿ ಮಲಗಿದ ಮೇಲೆ ಬರುವ ಹನ್ನೆರಡೂವರೆ. ಅವನು ಗುರುವಾರ ಮಧ್ಯಾಹ್ನದೊಳಗೆ ಮನೆಯಲ್ಲಿರುತ್ತಾನೆ ಎಂದು ತರ್ಕಿಸಿ ಗುರುವಾರ ಸಂಜೆ ನಾಲ್ಕಕ್ಕೆ ಅಂತ್ಯಕ್ರಿಯೆ ಎಂದು ಸಾರಿಸಿದೆ. ತರ್ಕಶಾಸ್ತ್ರದಲ್ಲಿ ಒಳ್ಳೆಯ ಅಂಕ ಪಡೆದವನು ನಾನು. ಅವನು ಹೇಳಿದ್ದಾದರೋ ನಾವೆಲ್ಲ ಮನೆಯಲ್ಲಿ ಮಾತನಾಡುವ ರೀತಿಯಲ್ಲಿ: ಗುರುವಾರದ ಹಗಲು ಮುಗಿದ ಮೇಲಿನ ರಾತ್ರಿ. ನಾಲ್ಕಕ್ಕೆ ಅವನು ಬರಲಿಲ್ಲ. ಐದಕ್ಕೂ ಬರಲಿಲ್ಲ. ಸಮಾಧಿಯ ಬಳಿ ಕತ್ತಲಾಗುವ ತನಕ ಕಾದೆವು. ಮಂಜುಗಡ್ಡೆ ಕರಗಿತ್ತು, ಇನ್ನು ಕಾಯುವಂತಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಚೀಲವನ್ನು ಹೆಗಲಿನಿಂದ ಇಳಿಸದೆಯೇ ಅವನು ನನ್ನಲ್ಲಿಗೆ ಬಂದ. ನಾನು ಅವನನ್ನು ಕರೆದುಕೊಂಡು ಹೋಗಿ ಹಸಿಮಣ್ಣನ್ನು ತೋರಿಸಿದೆ. ಬಹಳ ಹೊತ್ತು ನಿಂತಿದ್ದು, ‘ಫಾದರ್, ತಲೆ ಯಾವ ಬದಿಗೆ?’ ಎಂದು ಕೇಳಿದ. ಬಯ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಅಂದಿನಿಂದ ನಾನು ವಾರದ ಹೆಸರು ಕೇಳುವುದಿಲ್ಲ. ತಾರೀಖು ಕೇಳುತ್ತೇನೆ, ಹೊರಡುವ ಗಳಿಗೆ ಯಾವ ದೇಶದ ಗಡಿಯಾರದ್ದೆಂದು ಕೇಳುತ್ತೇನೆ. ಟಿಕೆಟನ್ನು ಕಣ್ಣಾರೆ ನೋಡುವ ತನಕ ಗಂಟೆ ಬಾರಿಸಗೊಡುವುದಿಲ್ಲ.

ದೇವಬಾಗದ ಆ ಮಂಗಳವಾರಕ್ಕೆ ಹಿಂತಿರುಗೋಣ. ಐದು ಗಂಟೆಗೆ ಮಗನಿಗೆ ಸುದ್ದಿ ಮುಟ್ಟಿದಾಗ ಅಲ್ಲಿ ನಡುರಾತ್ರಿ ಕಳೆದು ಎರಡೂವರೆ. ಕೆಲಸದ ಕಚೇರಿ ತೆರೆಯುವುದು ಅವರ ಎಂಟು ಗಂಟೆಗೆ, ನಮ್ಮ ಹತ್ತೂವರೆಗೆ. 2025ರ ಜುಲೈ 1ರಿಂದ ಕುವೈತಿನಲ್ಲಿ ಖಾಸಗಿ ವಲಯದ ವಿದೇಶಿ ನೌಕರರು ದೇಶ ಬಿಡುವ ಮುನ್ನ ಉದ್ಯೋಗದಾತರ ಒಪ್ಪಿಗೆಯುಳ್ಳ ನಿರ್ಗಮನ ಪರವಾನಗಿ ಪಡೆಯಬೇಕೆಂಬ ನಿಯಮ ಬಂದಿತು. ತಾಯಿ ತೀರಿಕೊಂಡರೂ ಅದು ಬೇಕೇ ಬೇಕು. ಮೇಲಧಿಕಾರಿ ಒಳ್ಳೆಯ ಮನುಷ್ಯ. ಮೂರು ಗಂಟೆಯೊಳಗೆ ಅನುಮತಿ ಸಿಕ್ಕಿತು. ಆಗ ನಮ್ಮಲ್ಲಿ ಮಧ್ಯಾಹ್ನ ಒಂದೂವರೆ. ನೇರ ವಿಮಾನ ಆ ದಿನ ಇರಲಿಲ್ಲ. ಮುಂಬಯಿ ಮೂಲಕ ಸೀಟು ದೊರೆತದ್ದು ಅವರ ರಾತ್ರಿ ಒಂಬತ್ತಕ್ಕೆ, ನಮ್ಮ ಹನ್ನೊಂದೂವರೆಗೆ. ಮುಂಬಯಿ ಮೂಲಕ ಬಂದರೆ ಆಕಾಶದ ದೂರ ಹೆಚ್ಚುವುದು ನೂರಿಪ್ಪತ್ತು ಕಿಲೋಮೀಟರಿನಷ್ಟೇ. ಮುಂಬಯಿಯಲ್ಲಿ ಸಾಮಾನು ಪಡೆದು, ವಲಸೆ ತಪಾಸಣೆ ದಾಟಿ, ಬೆಳಗಿನ ವಿಮಾನಕ್ಕೆ ಕಾಯುವುದರಿಂದ ಹೊತ್ತು ಹೆಚ್ಚುವುದು ನಾಲ್ಕು ಗಂಟೆಯಷ್ಟು. ದಾಬೋಲಿಂನಲ್ಲಿ ಇಳಿಯುವಾಗ ಬುಧವಾರ ಏಳೂಕಾಲು. ಅಲ್ಲಿಂದ ಮಡಗಾಂವ್, ಕಾಣಕೋಣ, ಪೋಳೆಂ ದಾಟಿ ದೇವಬಾಗಕ್ಕೆ ಸುಮಾರು ತೊಂಬತ್ತು ಕಿಲೋಮೀಟರು. ಮಳೆಯಲ್ಲಿ ಎರಡು ಗಂಟೆಗೆ ಕಡಿಮೆಯಿಲ್ಲ. ಒಟ್ಟು ಇಪ್ಪತ್ತೊಂಬತ್ತು ಗಂಟೆ. ಅದರಲ್ಲಿ ವಿಮಾನ ಆಕಾಶದಲ್ಲಿದ್ದುದು ಐದು ಗಂಟೆಯ ಸುಮಾರು.

ಬೆಳಿಗ್ಗೆ ಐದೂವರೆಗೆ ನನ್ನ ಕಾಗದದ ಮೇಲೆ ಇಷ್ಟೆಲ್ಲ ಖಚಿತವಾಗಿ ಬರೆದಿರಲಿಲ್ಲ. ‘ಬುಧವಾರ ಮಧ್ಯಾಹ್ನ ಮೂರೂವರೆ, ಟಿಕೆಟು ನೋಡಿದ ಮೇಲೆ ಖಾತ್ರಿ’ ಎಂದು ಮಾತ್ರ ಬರೆದಿದ್ದೆ. ಮನೆಯವರಿಗೆ ಅಸಮಾಧಾನವಾಯಿತು. ನಾಲ್ಕು ಗಂಟೆಯ ಹಾರಾಟಕ್ಕೆ ಒಂದೂವರೆ ದಿನ ಕಾಯಿಸುವ ಪಾದ್ರಿ ಎಂದು ಅಂಗಳದಲ್ಲಿ ಯಾರೋ ಅಂದದ್ದು ಕಿವಿಗೆ ಬಿತ್ತು.

ಅಂಕೋಲೆಯ ಮಗಳ ಲೆಕ್ಕ ಇನ್ನೊಂದು ಬಗೆಯದು. ಆಕೆಗಿರುವುದು ನಲವತ್ತು ಕಿಲೋಮೀಟರಿನ ಆಸುಪಾಸಿನ ರಸ್ತೆ, ನಡುವೆ ಕಾಳಿಯ ಸೇತುವೆ. ಅಷ್ಟೇ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿದಾಗ, ಮಂಗಳೂರಿನಲ್ಲಿ ವಿಮಾನ ಇಳಿದು ಉತ್ತರಕ್ಕೆ ಬರಬೇಕಾದವರಿಗೆ ಈ ಜಿಲ್ಲೆಯ ದಾರಿ ಕುವೈತಿನ ದಾರಿಗಿಂತ ಉದ್ದವಾಯಿತು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಡುರಾತ್ರಿಯ ನಂತರ, ಕಾಳಿಯ ಹಳೆಯ ಸೇತುವೆ ನದಿಗೆ ಕುಸಿಯಿತು. ಒಂದು ಲಾರಿ ನೀರಿಗೆ ಬಿತ್ತು. ಚಾಲಕನನ್ನು ಜನರು ಬದುಕಿಸಿ ತಂದರು. ಆ ಬೆಳಿಗ್ಗೆ ಕೋಡಿಬಾಗದಿಂದ ಸದಾಶಿವಗಡ ಕಣ್ಣಿಗೆ ಕಾಣುತ್ತಿತ್ತು, ಹೊಸ ಸೇತುವೆಯ ಪರೀಕ್ಷೆ ನಡೆಯುವ ತನಕ ಹೋಗಲಾಗುತ್ತಿರಲಿಲ್ಲ. ಸೇತುವೆಯಿಲ್ಲದ ಕಾಲದಲ್ಲಿ ದೋಣಿಯಲ್ಲಿ ದಾಟುತ್ತಿದ್ದ ಮುದುಕರಿಗೆ ಮಾತ್ರ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಅಂಕೋಲೆಯ ಅಲಗೇರಿಯಲ್ಲಿ ನೌಕಾಪಡೆಯ ವಿಮಾನ ನೆಲೆಯೊಡನೆ ನಾಗರಿಕ ವಿಮಾನಗಳಿಗೂ ಅವಕಾಶವಿರುವ ನಿಲ್ದಾಣದ ಯೋಜನೆ ಇದೆ. ಅದು ಕಾರ್ಯಗತವಾದರೆ ದಾಬೋಲಿಂನ ಎರಡು ಗಂಟೆ ಉಳಿಯಬಹುದು. ಹಾಗೆಂದು ನಾನು ಬರಿದೇ ಹಿಗ್ಗಲಾರೆ. 2005ರಲ್ಲಿ ಕದಂಬ ನೌಕಾನೆಲೆ ಉದ್ಘಾಟನೆಯಾಗುವ ಮೊದಲು ಆ ಸೀಬರ್ಡ್ ಯೋಜನೆಗಾಗಿ ಕಡಲತಡಿಯ ಮನೆ, ತೋಟ, ಪೂರ್ವಜರ ಸಮಾಧಿಗಳನ್ನು ಬಿಟ್ಟು ಎದ್ದವರನ್ನು ನಾನು ಬಲ್ಲೆ. ಒಬ್ಬರ ಮಗ ಬೇಗ ಬರಲಿ ಎಂದು ಇನ್ನೊಬ್ಬರ ಮಗ ಊರು ಬಿಡಬೇಕಾಗುವ ಲೆಕ್ಕವೂ ಇದೆ. ಅದನ್ನು ಯಾವ ಮೊಬೈಲೂ ತೋರಿಸುವುದಿಲ್ಲ.

ಎಷ್ಟು ಹೊತ್ತು ಕಾಯಬೇಕು? ನಿಜವಾಗಿ ಮನೆಗಳನ್ನು ಒಡೆಯುವುದು ಈ ಪ್ರಶ್ನೆಯೇ. ಆರು ಗಂಟೆ ಕಾಯಲಿಲ್ಲವೆಂದು ಹತ್ತು ವರ್ಷಗಳಿಂದ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ನಾನು ಕಂಡಿದ್ದೇನೆ. ಬರಲಾರದ ಮಗನಿಗಾಗಿ ಐದು ದಿನ ಕಾದು, ಕೊನೆಗೆ ಅವನೂ ಬಾರದೆ, ತಾಯಿಯ ಮುಖವನ್ನು ಯಾರೂ ನೋಡದಂತೆ ಪೆಟ್ಟಿಗೆ ಮುಚ್ಚಿದ್ದನ್ನೂ ಕಂಡಿದ್ದೇನೆ. ಮಂಜುಗಡ್ಡೆಯ ಕಾಲ ಹೋಗಿ ಫ್ರೀಜರ್ ಪೆಟ್ಟಿಗೆ ಬಂದ ಮೇಲೆ ಕಾಯುವುದು ಸುಲಭವಾಯಿತು, ನಿಲ್ಲಿಸುವುದು ಕಷ್ಟವಾಯಿತು. ಮಳೆಗಾಲದಲ್ಲಿ ವಿದ್ಯುತ್ತು ಹೋಗಿ ಜನರೇಟರಿಗೆ ಓಡುವ ಸಂಕಟ ಬೇರೆ. ಹಡಗಿನಲ್ಲಿ ದುಡಿಯುವವರ ವಿಷಯವಂತೂ ಕೇಳಲೇಬಾರದು. ನಡುಸಾಗರದಲ್ಲಿರುವವನಿಗೆ ಮುಂದಿನ ಬಂದರು ಎಷ್ಟು ದಿನವೋ ಊರು ಅಷ್ಟು ದಿನ, ಕಿಲೋಮೀಟರು ಎಷ್ಟೇ ಇರಲಿ. ನನ್ನ ಅಭಿಪ್ರಾಯ ಕೆಲವರಿಗೆ ಕಠಿಣವೆನಿಸೀತು: ಟಿಕೆಟು ಕೈಗೆ ಬಂದವನಿಗಾಗಿ ಮೂರನೆಯ ದಿನದವರೆಗೆ ಕಾಯೋಣ. ಟಿಕೆಟು ಸಿಗದವನಿಗಾಗಿ ಕಾಯುವುದು ಬೇಡ. ಅವನು ಬಾರದ್ದಕ್ಕೆ ಅವನನ್ನು ದೂರುವುದೂ ಬೇಡ. ಈ ಮಾತನ್ನು ತಂದೆತಾಯಿ ಬದುಕಿರುವಾಗಲೇ, ಡಿಸೆಂಬರಿನ ರಜೆಗೆ ಎಲ್ಲರೂ ಮನೆಯಲ್ಲಿ ಕೂಡಿರುವಾಗಲೇ ಆಡಿ ಮುಗಿಸಬೇಕು. ಅಶುಭವೆಂದು ಹೆದರುವವರಿದ್ದಾರೆ. ನಾನು ಮಾತೆತ್ತಿದ ಮನೆಗಳಲ್ಲಿ ಹೆದರಿದವರು ಮಕ್ಕಳು. ವೃದ್ಧರು ನಿರಾಳವಾಗಿಯೇ ಉತ್ತರ ಕೊಟ್ಟರು.

ಕಾಲವೆಂದರೆ ಚಲನೆಯ ಅಳತೆ ಎಂಬ ಅರ್ಥದ ಮಾತನ್ನು ಅರಿಸ್ಟಾಟಲ್ ಹೇಳಿದ. ವಿಮಾನದವರ ಕಾಲ ಅದು. ಸಂತ ಆಗಸ್ಟೀನರು ತಮ್ಮ ಆತ್ಮಕಥನದ ಹನ್ನೊಂದನೆ ಭಾಗದಲ್ಲಿ, ಕಾಲವನ್ನು ನಾವು ಅಳೆಯುವುದು ಮನಸ್ಸಿನೊಳಗೇ ಎಂದು ವಾದಿಸುತ್ತಾರೆ. ಪರೀಕ್ಷೆಗೆಂದು ಓದಿದಾಗ ಇವೆರಡರಲ್ಲಿ ಒಂದು ಮಾತ್ರ ಸರಿಯಿರಬೇಕೆಂದು ನಾನು ಹಟ ಹಿಡಿದಿದ್ದೆ. ಮುಂಬಯಿಯ ವಿಮಾನ ನಿಲ್ದಾಣದಲ್ಲಿ ಎರಡೂವರೆ ಗಂಟೆ ಕುಳಿತ ಮಗನನ್ನೂ, ಅದೇ ಎರಡೂವರೆ ಗಂಟೆ ಫ್ರೀಜರ್ ಪೆಟ್ಟಿಗೆಯ ಬಳಿ ಕುಳಿತ ಮಗಳನ್ನೂ ಕಂಡ ಮೇಲೆ ಆ ಹಟ ಉಳಿದಿಲ್ಲ. ಅಂತ್ಯಕ್ರಿಯೆಯ ಪೂಜೆಗಳಲ್ಲಿ ನಾವು ಹೆಚ್ಚಾಗಿ ಕೇಳುವ ಲಾಜರನ ವೃತ್ತಾಂತದಲ್ಲಿ ಸಂತ ಯೊವಾನ್ನರು ಎರಡು ಅಳತೆಗಳನ್ನೂ ಬರೆದಿದ್ದಾರೆ: ಬೆಥಾನಿಯವು ಜೆರುಸಲೇಮಿಗೆ ಎಷ್ಟು ಹತ್ತಿರವೆಂಬುದನ್ನು ಹೇಳುತ್ತಾರೆ, ಅದು ನಮ್ಮ ಲೆಕ್ಕದಲ್ಲಿ ಮೂರು ಕಿಲೋಮೀಟರಿನಷ್ಟಾಗುತ್ತದೆ, ಸಮಾಧಿಯಾಗಿ ನಾಲ್ಕು ದಿನವಾಗಿತ್ತೆಂಬುದನ್ನೂ ಹೇಳುತ್ತಾರೆ. ತಡವಾಗಿ ಬಂದವರ ಮೇಲೆ ಮಾರ್ತಾಳಿಗಿದ್ದ ದೂರನ್ನು ಅವರು ಅಳಿಸಿ ಹಾಕಲಿಲ್ಲ.

ಬುಧವಾರ ಬೆಳಿಗ್ಗೆ ನಾನು ದೇವಬಾಗದ ಮನೆಗೆ ಹೋದಾಗ ಮಳೆ ಬಿಟ್ಟಿತ್ತು. ದೋಣಿಯ ಹಿರಿಯರು ಹಿಂದಿನ ದಿನದ ಕಾಗದವನ್ನು ಮಡಿಸಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಆಗಾಗ ತೆಗೆದು ನೋಡುತ್ತಿದ್ದರು. ಅಂಕೋಲೆಯ ಮಗಳು ಹಿಂದಿನ ದಿನ ಎಂಟಕ್ಕೇ ಬಂದು ತಲಪಿದ್ದರು. ಟ್ಯಾಕ್ಸಿ ತೆಂಗಿನ ತೋಟದ ತಿರುವಿನಲ್ಲಿ ಕಾಣಿಸಿದಾಗ ಯಾರೂ ಓಡಲಿಲ್ಲ. ದಾರಿ ಬಿಟ್ಟು ನಿಂತರು. ಅವನು ಒಳಗೆ ಬಂದು, ಪೆಟ್ಟಿಗೆಯ ಗಾಜಿನ ಮೇಲೆ ಎರಡೂ ಕೈಗಳನ್ನಿಟ್ಟು ಬಾಗಿದ. ಗೋಡೆಯ ಗಡಿಯಾರದಲ್ಲಿ ಆಗ ಒಂಬತ್ತು ನಲವತ್ತು. ಅವನ ಕೈಗಡಿಯಾರದಲ್ಲಿ ಏಳು ಹತ್ತು.